ನಮ್ಮೂರಿನ ಹಾಡಿನ ನಾಟಕವನ್ನು ನಾವೇ ಯಾಕೆ ಬರೆಯಬಾರದು?

ತುಮಕೂರು ಜಿಲ್ಲೆಯ ನಮ್ಮ ಶೆಟ್ಟಿಕೆರೆ ಹೋಬಳಿಯಲ್ಲಿ ಪೌರಾಣಿಕ ನಾಟಕ ಆಡದ ಊರು ಹುಡುಕುವುದು ಕಷ್ಟ. ಹಜಾರದ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಕಿರೀಟ, ಭುಜಕೀರ್ತಿ ತೊಟ್ಟ ಅಜ್ಜನ ಫೋಟೋ ಇರುವ ಮನೆಗಳಿವೆ. ತೋಟಕ್ಕೆ ನೀರು ಹಾಯಿಸುತ್ತಾ ದುರ್ಯೋಧನನ ಕಂದಪದ್ಯ ಎತ್ತಿಕೊಳ್ಳುವವರಿದ್ದಾರೆ. ಇಂಥ ಸೀಮೆಯಲ್ಲಿ ‘ನಮ್ಮದೇ ಒಂದು ಹೊಸ ಹಾಡಿನ ನಾಟಕ ಬರೆಯೋಣ, ಎಲ್ಲರೂ ಕೂತು ಬರೆಯೋಣ’ ಎಂದು ಬಾಯಿಬಿಟ್ಟರೆ ಬರುವ ಉತ್ತರ ಒಂದೇ: ‘ಅದೆಲ್ಲ ನಮ್ಮ ಕೈಲಾಗೋ ಮಾತಾ? ಬರೆಯೋಕೆ ಸರಸ್ವತಿ ಒಲೀಬೇಕು. ಹತ್ತು ಜನ ಕೂತು ಪದ ಕಟ್ಟೋಕೆ ಅದೇನು ಗ್ರಾಮಸಭೆನಾ?’ ಪಟ್ಟಣದ ರಂಗಕರ್ಮಿಗಳನ್ನು ಕೇಳಿ, ಕಾಲೇಜಿನ ಕನ್ನಡ ಅಧ್ಯಾಪಕರನ್ನು ಕೇಳಿ, ಮಾತು ಬೇರೆ, ಅಭಿಪ್ರಾಯ ಅದೇ. ನಾಟಕ ಬರೆಯುವುದು ಪ್ರತಿಭೆಯುಳ್ಳ ಒಬ್ಬನ ಕೆಲಸ, ಕೋಣೆಯ ಬಾಗಿಲು ಹಾಕಿಕೊಂಡು ಮಾಡುವ ಕೆಲಸ. ಹಾಡು ಆಮೇಲೆ ಸಂಗೀತ ನಿರ್ದೇಶಕರು ಬಂದು ಸೇರಿಸುವ ಸಂಗತಿ.

ಈ ಅಭಿಪ್ರಾಯವನ್ನು ಯಾರೂ ಪ್ರಶ್ನಿಸುತ್ತಿಲ್ಲ. ಪ್ರಶ್ನಿಸದೆ ಒಪ್ಪಿಕೊಂಡಿದ್ದರಿಂದಲೇ ನಮ್ಮ ಸೀಮೆಯ ಜನ ತಮಗೆ ಅತ್ಯಂತ ಪ್ರಿಯವಾದ ಕಲೆಯಲ್ಲಿ ತಮ್ಮ ಬದುಕಿನ ಒಂದು ಮಾತನ್ನೂ ಹೇಳಿಕೊಳ್ಳಲಾಗದೆ ಕೂತಿದ್ದಾರೆ. ನನ್ನ ತಕರಾರು ಇರುವುದು ಇದರ ಮೇಲೆ.

ಮೊದಲು ನಮ್ಮ ಊರುಗಳ ಕಡೆಗೇ ನೋಡೋಣ. ಸುಗ್ಗಿ ಮುಗಿದ ಮೇಲೆ ತಾಲೀಮು ಶುರುವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ. ಪಾತ್ರಗಳನ್ನು ಹಂಚುತ್ತಾರೆ, ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು ದುಡ್ಡು ಕಟ್ಟಬೇಕು, ದೂತನಿಗೆ ಕಡಿಮೆ. ರಾತ್ರಿ ಊಟ ಮುಗಿಸಿ ಎಲ್ಲರೂ ಸಮುದಾಯ ಭವನದಲ್ಲಿ ಸೇರುತ್ತಾರೆ. ಮೇಷ್ಟ್ರು ಒಬ್ಬೊಬ್ಬರ ಕಂಠ ನೋಡಿ ಎಷ್ಟನೇ ಮನೆಗೆ ಶ್ರುತಿ ಇಡಬೇಕೆಂದು ತೀರ್ಮಾನಿಸುತ್ತಾರೆ. ಶಾಲೆಯಲ್ಲಿ ಪುಸ್ತಕ ಮುಟ್ಟಲು ಹಿಂಜರಿದಿದ್ದವನು ಐವತ್ತು ಪದ್ಯ ಬಾಯಿಪಾಠ ಮಾಡುತ್ತಾನೆ, ದಾದ್ರಾ ಯಾವುದು, ಕಹರ್ವಾ ಯಾವುದು ಎಂದು ಕಾಲಿನಲ್ಲೇ ಗುರುತಿಸುತ್ತಾನೆ. ತಿಂಗಳುಗಟ್ಟಲೆ ನಡೆಯುವ ಈ ಕಲಿಕೆಯ ಶಿಸ್ತನ್ನು ಕಂಡವರು ಹಳ್ಳಿಯವರಿಗೆ ಕಲಿಯುವ ಶಕ್ತಿ ಇಲ್ಲ ಎಂದು ಹೇಳಲಾರರು. ಹಾಗಾದರೆ ಇಷ್ಟೆಲ್ಲ ಶ್ರಮ, ಇಷ್ಟು ಹಣ, ಇಷ್ಟು ನಿದ್ದೆಗೇಡು ಯಾವುದಕ್ಕೆ? ಅಜ್ಜ ಆಡಿದ್ದ ಅದೇ ನಾಟಕವನ್ನು, ಅದೇ ಮಟ್ಟಿನಲ್ಲಿ, ಅದೇ ಜಾಗದಲ್ಲಿ ಒನ್ಸ್‌ಮೋರ್ ಬರುವ ಹಾಗೆ ಮೊಮ್ಮಗ ಆಡುವುದಕ್ಕೆ!

ಊರೂರಲ್ಲೂ ಆಡುವ ಆ ‘ಕುರುಕ್ಷೇತ್ರ’ ನಾಟಕವನ್ನು ನಾನು ಹಳಿಯುತ್ತಿಲ್ಲ. ಅದನ್ನು ಬೆಳತನಕ ಕೂತು ನೋಡಿದ್ದೇನೆ, ಮುಂದೆಯೂ ನೋಡುತ್ತೇನೆ. ಆದರೆ ಕುರುಕ್ಷೇತ್ರವೂ ಒಂದು ಕಾಲಕ್ಕೆ ಹೊಸ ನಾಟಕವಾಗಿತ್ತು ಎಂಬುದನ್ನು ಮರೆತವರು ಅದರ ಭಕ್ತರೇ. 1934ರಲ್ಲಿ ಗುಬ್ಬಿ ಕಂಪನಿಗಾಗಿ ಬಿ. ಪುಟ್ಟಸ್ವಾಮಯ್ಯನವರು ಬರೆದ ಕುರುಕ್ಷೇತ್ರ ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿತು. ಅಂದು ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರು ‘ಇರುವ ನಾಟಕಗಳೇ ಸಾಕು, ಜನ ಹೊಸದನ್ನು ನೋಡುವುದಿಲ್ಲ’ ಎಂದಿದ್ದರೆ ಇಂದು ನಮ್ಮ ಊರುಗಳಲ್ಲಿ ಆಡುವುದಕ್ಕೆ ಏನಿರುತ್ತಿತ್ತು? ಹಳೆಯದನ್ನು ಗೌರವಿಸುತ್ತೇವೆ ಎನ್ನುವವರು ಆ ಹಳಬರ ಧೈರ್ಯವನ್ನು ಯಾಕೆ ಗೌರವಿಸುವುದಿಲ್ಲ?

ಎರಡನೆಯದು, ಒಬ್ಬನೇ ಕೂತು ಬರೆಯುವ ಪ್ರತಿಭಾವಂತನ ಕಥೆ. ನಮ್ಮ ಹಾಡಿನ ನಾಟಕ ಯಾವತ್ತು ಹಾಗೆ ಹುಟ್ಟಿತು? ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ನಮ್ಮದೇ ಜಿಲ್ಲೆಯಲ್ಲಿ. ಕಂಪನಿಗಳಲ್ಲಿ ಕವಿ ಸಂಬಳಕ್ಕಿದ್ದ, ಕಂಪನಿಯ ಜೊತೆಗೇ ಬಿಡಾರದಲ್ಲಿದ್ದ. ಹಾರ್ಮೋನಿಯಂನವರು ಮರಾಠಿ ರಂಗದ ಮಟ್ಟೋ, ಪಾರ್ಸಿ ಮಟ್ಟೋ ನುಡಿಸಿದರೆ ಕವಿ ಅದಕ್ಕೆ ಕನ್ನಡದ ಮಾತು ಕೂರಿಸುತ್ತಿದ್ದ. ಪಾತ್ರಧಾರಿಯ ಕಂಠ ಎಲ್ಲಿಯವರೆಗೆ ಏರುತ್ತದೆ ಎಂದು ನೋಡಿಕೊಂಡು ಸಾಲು ಕಟ್ಟುತ್ತಿದ್ದ. ಜನ ಎಲ್ಲಿ ಆಕಳಿಸಿದರು, ಎಲ್ಲಿ ಚಪ್ಪಾಳೆ ತಟ್ಟಿದರು ಎಂದು ಮಾಲೀಕರು ಹೇಳಿದ ಮೇಲೆ ಮರುದಿನ ತಿದ್ದುತ್ತಿದ್ದ. ಆ ಕಾಲದ ಅಚ್ಚಾದ ನಾಟಕದ ಪುಸ್ತಕ ತೆಗೆದರೆ ಹಾಡಿನ ನೆತ್ತಿಯ ಮೇಲೆ ಯಾವ ಮಟ್ಟು ಎಂದು ಬರೆದಿರುವುದು ಕಾಣುತ್ತದೆ. ಸಾಹಿತ್ಯ ಒಬ್ಬರದು, ಮಟ್ಟು ಇನ್ನೊಬ್ಬರದು, ಅದನ್ನು ಜನರ ಬಾಯಿಗೆ ಮುಟ್ಟಿಸಿದ ಕಂಠ ಮತ್ತೊಬ್ಬರದು.

ಬೆಳ್ಳಾವೆ ನರಹರಿ ಶಾಸ್ತ್ರಿಗಳು ನಮ್ಮ ಜಿಲ್ಲೆಯ ಬೆಳ್ಳಾವಿಯ ಹೆಸರನ್ನೇ ಮುಂದಿಟ್ಟುಕೊಂಡಿದ್ದವರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂದಾಗ ಅದಕ್ಕೆ ಮಾತು, ಹಾಡು ಬರೆದವರು ಅವರೇ. ಅವರ ಕೈ ಪಳಗಿದ್ದು ಕಂಪನಿ ನಾಟಕಗಳಲ್ಲಿ, ನಟರ ನಡುವೆ, ಹಾರ್ಮೋನಿಯಂ ಪಕ್ಕದಲ್ಲಿ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ‘ಸಂಗೀತ ಶಾಕುಂತಲ’ದ ಮೂಲಕ ದಾರಿ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಅವರೂ ಹಾಡಬಲ್ಲ ನಟರನ್ನು ಎದುರಿಗಿಟ್ಟುಕೊಂಡೇ ಬರೆದರು. ಕಂಪನಿಯ ಬಿಡಾರವೇ ಕಮ್ಮಟವಾಗಿತ್ತು. ನಾಮಫಲಕ ಇರಲಿಲ್ಲ, ಅಷ್ಟೆ. ಅಲ್ಲಿ ಕಲಿತ ಕಸಬನ್ನು ದೈವದತ್ತ ಎಂದು ಕರೆದು ಕಲಿಯುವ ಬಾಗಿಲನ್ನೇ ಮುಚ್ಚಿದವರು ಆಮೇಲೆ ಬಂದ ನಾವು.

ಕಂಪನಿಗಳು ಸೊರಗಿದ ಮೇಲೆ ಬಂದ ಆಧುನಿಕ ರಂಗಭೂಮಿ ಈ ನಷ್ಟವನ್ನು ತುಂಬಿತೇ? ತುಂಬುವ ದಾರಿಯನ್ನು ಒಬ್ಬರು ತೋರಿಸಿದ್ದರು. ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತ. ಮುಂದೆ ಅವರು ತಾಲೀಮಿನ ಕೋಣೆಯಲ್ಲೇ, ನಟರ ಬಾಯಿಂದಲೇ ರಾಗ ಹುಟ್ಟಿಸಿದರು. ಗದ್ಯದ ಸಾಲಿಗೂ ಲಯ ಹುಡುಕಿದರು. 1972ರಲ್ಲಿ ಅವರು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ರಂಗಕ್ಕೆ ತಂದಾಗ ಬರೆದವರು ಸ್ವತಃ ಹಾಡುಗಾರರು, ಮಟ್ಟು ಹಾಕಿದವರು ಬಯಲಾಟದ ಲಯ ಬಲ್ಲವರು, ಇಬ್ಬರೂ ಒಂದೇ ಜಾಗದಲ್ಲಿದ್ದರು. ಕವಿ ಪುತಿನ ಅವರ ‘ಗೋಕುಲ ನಿರ್ಗಮನ’ದ ಉದಾಹರಣೆ ಕೊಟ್ಟು, ಒಬ್ಬರೇ ಸಾಹಿತ್ಯ, ರಾಗ ಎರಡನ್ನೂ ಮಾಡಿದ್ದಾರಲ್ಲ ಎನ್ನುವವರಿದ್ದಾರೆ. ಮಾಡಿದ್ದಾರೆ, ಅಂಥವರಿಗೆ ಕೈಮುಗಿಯುತ್ತೇನೆ. ಆ ಕೃತಿಯೂ ಬಹುಕಾಲ ಓದುಗರ ಕೈಯಲ್ಲೇ ಇದ್ದು, ಕಾರಂತರೂ ಅವರ ನಟರೂ ಎತ್ತಿಕೊಂಡ ಮೇಲೆ ಪ್ರೇಕ್ಷಕರ ಕಿವಿಗೆ ಮುಟ್ಟಿತು. ಒಬ್ಬ ಪುತಿನರನ್ನು ತೋರಿಸಿ ಸಾವಿರ ಜನಕ್ಕೆ ‘ನಿಮ್ಮಿಂದಾಗದು’ ಎನ್ನುವುದು ಯಾವ ನ್ಯಾಯ?

ಕಾರಂತರ ನಂತರ ನಮ್ಮ ರಂಗಭೂಮಿ ಅವರ ಮಟ್ಟುಗಳನ್ನು ಇಟ್ಟುಕೊಂಡಿತು, ಮಟ್ಟು ಹುಟ್ಟುತ್ತಿದ್ದ ವಿಧಾನವನ್ನು ಬಿಟ್ಟಿತು. ಇವತ್ತು ಹೊಸ ನಾಟಕಗಳಲ್ಲಿ ಹಾಡು ಹೇಗೆ ಬರುತ್ತದೆ? ನಾಟಕ ಬರೆದಾಗಿರುತ್ತದೆ, ದೃಶ್ಯಗಳು ಕೂತಿರುತ್ತವೆ. ಪ್ರದರ್ಶನಕ್ಕೆ ಎರಡು ವಾರ ಇರುವಾಗ ದೃಶ್ಯ ಬದಲಾಗುವ ಕತ್ತಲಲ್ಲಿ ಒಂದು ವಚನ, ಒಂದು ದಾಸರ ಪದ, ಇಲ್ಲವೇ ಬೇಂದ್ರೆಯವರ ಒಂದು ಕವನ ತಂದು ತುಂಬುತ್ತಾರೆ. ಅದು ಚೆನ್ನಾಗಿ ಕೇಳಿಸುತ್ತದೆ, ಆದರೆ ಆ ಪಾತ್ರಕ್ಕೆ ಆ ಗಳಿಗೆಯಲ್ಲಿ ಹಾಡಲೇಬೇಕಾದ ಒತ್ತಡ ಎಲ್ಲಿದೆ? ಹಾಡು ತೆಗೆದರೂ ನಾಟಕ ನಿಲ್ಲುತ್ತದೆ ಎಂದಾದರೆ ಅದು ಹಾಡಿನ ನಾಟಕ ಹೇಗಾಯಿತು?

ಇನ್ನು ಕಲಿಸುವ ಸಂಸ್ಥೆಗಳು. ನೀನಾಸಂ ರಂಗ ಶಿಕ್ಷಣ ಕೇಂದ್ರ 1980ರಲ್ಲಿ ಆರಂಭವಾಯಿತು, ರಂಗಾಯಣ 1989ರಲ್ಲಿ. ನಮಗೆ ಹತ್ತಿರವಾಗಿ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಿಂದ ಶಿವಸಂಚಾರ ತಿರುಗಾಡುತ್ತಿದೆ. ಇವುಗಳಿಂದ ಬಂದ ನಟರು, ನಿರ್ದೇಶಕರು ನಾಡಿನ ಆಸ್ತಿ. ಆದರೆ ಹಾಡಿನ ನಾಟಕ ಬರೆಯುವವರನ್ನು ತಯಾರು ಮಾಡಬೇಕು ಎಂಬ ಆಸೆ ನಮ್ಮ ರಂಗಶಿಕ್ಷಣಕ್ಕೆ ಯಾಕೆ ಹುಟ್ಟಲಿಲ್ಲ? ಕಥಾ ಕಮ್ಮಟ ನಡೆಯುತ್ತದೆ, ಕಾವ್ಯ ಕಮ್ಮಟ ನಡೆಯುತ್ತದೆ, ಯಾರೂ ತಕರಾರು ತೆಗೆಯುವುದಿಲ್ಲ. ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಮುಖವಾಡ ಮಾಡುವುದನ್ನು ಕಲಿಸುತ್ತಾರೆ, ಇಪ್ಪತ್ತು ರಂಗಗೀತೆ ಬಾಯಿಪಾಠ ಮಾಡಿಸುತ್ತಾರೆ; ಇಪ್ಪತ್ತೊಂದನೆಯದನ್ನು ನೀವೇ ಕಟ್ಟಿ ಎಂದು ಹೇಳುವುದಿಲ್ಲ. ನಟನೆ ಕಲಿಸಬಹುದು, ಬೆಳಕು ಕಲಿಸಬಹುದು, ಪ್ರಸಾಧನ ಕಲಿಸಬಹುದು, ಹಾಡಿನಲ್ಲಿ ಕಥೆ ಹೇಳುವುದನ್ನು ಮಾತ್ರ ಕಲಿಸಲಾಗದೇ?

ಕಲಿಸಬಹುದು ಎಂದು ಬೇರೆಯವರು ತೋರಿಸಿಯಾಗಿದೆ. ನ್ಯೂಯಾರ್ಕಿನಲ್ಲಿ ಲೇಮನ್ ಎಂಗೆಲ್ ಎಂಬ ಸಂಗೀತ ನಿರ್ದೇಶಕರು 1961ರಲ್ಲಿ ಒಂದು ಕಮ್ಮಟ ಆರಂಭಿಸಿದರು, ಅದು ಇಂದಿಗೂ ನಡೆಯುತ್ತಿದೆ. ಪದ ಬರೆಯುವವರನ್ನೂ ರಾಗ ಹಾಕುವವರನ್ನೂ ಜೋಡಿ ಮಾಡುತ್ತಾರೆ. ಎಲ್ಲರಿಗೂ ಗೊತ್ತಿರುವ ಒಂದು ನಾಟಕದ ಪಾತ್ರ ಕೊಟ್ಟು, ಇವಳಿಗೊಂದು ಹಾಡು ಬರೆದು ತನ್ನಿ ಎನ್ನುತ್ತಾರೆ. ತಂದದ್ದನ್ನು ಎಲ್ಲರ ಎದುರು ಹಾಡಬೇಕು, ಎಲ್ಲರ ಮಾತು ಕೇಳಬೇಕು. ಮೊದಲ ವರ್ಷ ಜೋಡಿ ಬದಲಾಗುತ್ತಾ ಹೋಗುತ್ತದೆ. ಅಲ್ಲಿ ಕಲಿತ ಎಡ್ವರ್ಡ್ ಕ್ಲೀಬನ್ 1975ರ ‘ಎ ಕೋರಸ್ ಲೈನ್’ ಎಂಬ ಪ್ರಸಿದ್ಧ ಸಂಗೀತ ನಾಟಕಕ್ಕೆ ಹಾಡು ಬರೆದರು. ಆ ನಾಟಕವೂ ಕಮ್ಮಟದ ಕೂಸು. ಹಿಂದಿನ ಸಾಲಿನಲ್ಲಿ ಕುಣಿಯುವ ನರ್ತಕರು ರಾತ್ರಿ ಒಟ್ಟಿಗೆ ಕೂತು ತಮ್ಮ ಬದುಕನ್ನು ಹೇಳಿಕೊಂಡರು, ಅದನ್ನು ಧ್ವನಿಮುದ್ರಿಸಿಕೊಂಡು, ತಿಂಗಳುಗಟ್ಟಲೆ ಕಡೆದು ನಾಟಕ ಮಾಡಿದರು. ಹೆಸರಿಲ್ಲದೆ ಕುಣಿಯುವವರ ಬದುಕು ನಾಟಕವಾಗುವುದಾದರೆ ಕೊಬ್ಬರಿ ಒಡೆಯುವವರ ಬದುಕು ಯಾಕಾಗದು?

ಹತ್ತು ಜನ ಕೂತರೆ ಹಾಡು ಕೆಡುತ್ತದೆ ಎನ್ನುವವರಿಗಾಗಿ ಒಂದು ಸಾಲನ್ನು ಬಿಡಿಸಿಟ್ಟು ಹೇಳುತ್ತೇನೆ. ಸನ್ನಿವೇಶ ಇದು: ಒಬ್ಬ ರೈತ, ಅಟ್ಟದ ಮೇಲೆ ಒಂದು ವರ್ಷದ ಕೊಬ್ಬರಿ, ಮನೆಯಲ್ಲಿ ಮಗಳ ಮದುವೆ, ತಿಪಟೂರು ಹರಾಜಿನಲ್ಲಿ ದಿನದಿನಕ್ಕೆ ಇಳಿಯುವ ರೇಟು. ಕವಿತೆ ಬರೆದು ಅಭ್ಯಾಸವಿರುವ ಒಬ್ಬ ಶಾಲಾ ಮೇಷ್ಟ್ರು ಮೊದಲ ಸಾಲು ಬರೆಯುತ್ತಾರೆ: ‘ಬೆಲೆಯ ಕುಸಿತದಿ ಬೆಂದುಹೋಗಿಹುದೆನ್ನ ಎದೆಯು’. ಹಾರ್ಮೋನಿಯಂನವರು ನುಡಿಸಿ ನೋಡಿ ತಲೆಯಾಡಿಸುತ್ತಾರೆ. ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲಬೇಕಾದ ಕಡೆ ‘ಯು’ ಬಂದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಅಲ್ಲಿ ‘ಆ’ಕಾರ ಕೊಡಿ ಅನ್ನುತ್ತಾರೆ. ತಬಲದವರು ‘ಬೆಂದುಹೋಗಿಹುದೆನ್ನ’ ಎಂಬಲ್ಲಿ ಉಸಿರು ಸಿಗುವುದಿಲ್ಲ ಅನ್ನುತ್ತಾರೆ. ವರ್ಷವೆಲ್ಲ ಕಾಯಿ ಸುಲಿದ ಕೈಯವರು ಒಬ್ಬರು, ಎದೆ ಬೆಂತು ಅಂತ ನಾವ್ಯಾರೂ ಅನ್ನಲ್ಲ ಸಾರ್, ಏಣಿ ಹತ್ತಿ ಹೋಗ್ತೀವಿ, ಕೊಬ್ಬರಿ ಮುಟ್ಟಿ ನೋಡ್ತೀವಿ, ಮತ್ತೆ ಸುಮ್ನೆ ಇಳೀತೀವಿ ಅನ್ನುತ್ತಾರೆ. ಅವರ ಹೆಂಡತಿ, ಇಳಿದ ಮೇಲೆ ನನ್ನನ್ನೇ ಕೇಳ್ತಾರೆ ಅನ್ನುತ್ತಾಳೆ. ಏನು ಕೇಳ್ತಾರಮ್ಮ ಎಂದರೆ ಅವಳ ಬಾಯಿಂದ ಬರುವ ಮಾತು: ‘ಇಳಿಸ್ಲಾ? ಬ್ಯಾಡ್ವಾ?’

ಹಾಡು ಅಲ್ಲಿದೆ. ಎರಡೂ ಮಾತಿನ ಕೊನೆಗೆ ತೆರೆದ ‘ಆ’ಕಾರವಿದೆ, ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಲಯ ಇದೆ, ಸಂಕಟ ಇದೆ, ಕೇಳಿದ್ದಕ್ಕೆ ಹೆಂಡತಿ ಉತ್ತರ ಕೊಡಬೇಕಾದ್ದರಿಂದ ಮುಂದಿನ ಸಾಲಿಗೆ ದಾರಿಯೂ ಇದೆ. ಈ ಸಾಲನ್ನು ಬರೆದವರು ಯಾರು? ಶಾಲಾ ಮೇಷ್ಟ್ರು ಶುರು ಮಾಡದಿದ್ದರೆ, ಹಾರ್ಮೋನಿಯಂನವರು ‘ಆ’ಕಾರ ಕೇಳದಿದ್ದರೆ, ಆ ಹೆಂಗಸು ಕೋಣೆಯಲ್ಲಿ ಇಲ್ಲದಿದ್ದರೆ ಅದು ಹುಟ್ಟುತ್ತಿರಲಿಲ್ಲ. ಕಲಿಯುವುದು ಎಂದರೆ ಇದೇ. ಮಾತು ಎಲ್ಲಿ ಸಾಲದೆ ಹಾಡಾಗಬೇಕು, ಯಾವ ಅಕ್ಷರ ಯಾವ ಸ್ವರದ ಮೇಲೆ ಕೂರುತ್ತದೆ, ಯಾವ ಪಾತ್ರ ಯಾವ ತಾಳದಲ್ಲಿ ನಡೆಯುತ್ತದೆ, ಎರಡನೇ ಚರಣದಲ್ಲಿ ಕಥೆ ಮುಂದೆ ಹೋಯಿತೇ ಅಥವಾ ಪಲ್ಲವಿಯನ್ನೇ ಸುತ್ತುತ್ತಿದೆಯೇ ಎಂಬುದನ್ನು ಕೋಣೆಯಲ್ಲಿ ಒಬ್ಬರೇ ಕೂತು ಕಲಿಯುವುದಕ್ಕೆ ಒಂದು ಜನ್ಮ ಬೇಕು. ಒಟ್ಟಿಗೆ ಕೂತರೆ ಒಂದು ಬೇಸಿಗೆಯಲ್ಲಿ ಬಹಳಷ್ಟು ಕಲಿಯಬಹುದು.

ಆ ಹೆಂಗಸಿನ ಮಾತು ಬಂತಲ್ಲ, ಅದನ್ನು ಇಲ್ಲಿಗೇ ಬಿಡುವ ಹಾಗಿಲ್ಲ. ನಮ್ಮ ಪೌರಾಣಿಕ ನಾಟಕಗಳಲ್ಲಿ ದ್ರೌಪದಿ, ಕುಂತಿ, ರುಕ್ಮಿಣಿ ಯಾರೂ ಊರಿನವರಲ್ಲ. ದುಡ್ಡು ಕೊಟ್ಟು ಹೊರಗಿನಿಂದ ಕರೆಸಿದ ಕಲಾವಿದೆಯರು. ಅವರ ವೃತ್ತಿಗೆ ನನ್ನ ಗೌರವ ಇದೆ. ಆದರೆ ಸೋಬಾನೆ ಪದ, ಬೀಸುವ ಪದಗಳನ್ನು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಊರಿನ ಹೆಂಗಸರಿಗೆ ಊರಿನ ನಾಟಕದಲ್ಲಿ ಇರುವ ಕೆಲಸ ಏನು? ತಾಲೀಮಿನವರಿಗೆ ಕಾಫಿ ಕಾಯಿಸುವುದು, ನಾಟಕದ ರಾತ್ರಿ ನೆಂಟರಿಗೆ ಬಡಿಸುವುದು, ಉಳಿದ ಹೊತ್ತು ಚಾಪೆಯ ಮೇಲೆ ಕೂತು ನೋಡುವುದು. ಪದ ಕಟ್ಟುವ ವಿದ್ಯೆ ಊರಿನಲ್ಲಿ ಯಾರಿಗಾದರೂ ನಿಜವಾಗಿ ಇದ್ದರೆ ಅದು ಅವರಿಗೆ. ‘ಬರೆಯಲು ಸರಸ್ವತಿ ಒಲಿಯಬೇಕು’ ಎನ್ನುವವರು ಸರಸ್ವತಿ ಯಾರ ನಾಲಗೆಯ ಮೇಲೆ ಕೂತಿದ್ದಾಳೆಂದು ಅಡುಗೆಮನೆಯ ಕಡೆ ಒಮ್ಮೆಯಾದರೂ ತಿರುಗಿ ನೋಡಿದ್ದಾರೆಯೇ?

ವಸ್ತು ಎಲ್ಲಿದೆ ಎಂದು ಕೇಳುವವರೂ ಇದ್ದಾರೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಎಂಟು ಸಾವಿರದ ಆಸುಪಾಸಿಗೆ ಬಿತ್ತು. ರೈತರು ಬೀದಿಗೆ ಬಂದರು. 2024ರ ಆರಂಭದಲ್ಲಿ ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ಜನ ಸಾಲು ನಿಂತರು, ಅಕ್ರಮದ ದೂರು ಬಂದು ನೋಂದಣಿಯನ್ನೇ ಮತ್ತೆ ಮಾಡಬೇಕಾಯಿತು. ಅದಕ್ಕೂ ಮೊದಲು ನುಸಿ ರೋಗ ಬಂದು ಕಾಯಿಗಳು ಸುಕ್ಕುಗಟ್ಟಿದ್ದವು, ನೀರಾ ಇಳಿಸುವ ಹಕ್ಕಿಗಾಗಿ ರೈತರು ಹೋರಾಡಿದ್ದರು. ಸಾವಿರ ಅಡಿಗೆ ಇಳಿದ ಬೋರ್‌ವೆಲ್‌ಗಳು, ಹೇಮಾವತಿ ನೀರಿಗಾಗಿ ಕಾದ ಕೆರೆಗಳು, ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಅದಿರು ಅಗೆದ ವರ್ಷಗಳು, ತೋಟ ಮಾರಿ ಬೆಂಗಳೂರಿಗೆ ಹೋದ ಮಕ್ಕಳು. ಇದರಲ್ಲಿ ನಾಟಕ ಇಲ್ಲವೇ? ಇದರಲ್ಲಿ ಧರ್ಮಸಂಕಟ ಇಲ್ಲವೇ, ಸಂಧಾನ ಇಲ್ಲವೇ, ಮೋಸದ ಪಗಡೆ ಇಲ್ಲವೇ? ನಮ್ಮ ಜಾತ್ರೆಯ ರಂಗದ ಮೇಲೆ ಇದರಲ್ಲಿ ಒಂದನ್ನೂ ನಾನು ಹಾಡಾಗಿ ಕೇಳಿಲ್ಲ. ಪತ್ರಿಕೆಯವರು ಬಂದು ಬರೆದು ಹೋದರು, ಅಧಿಕಾರಿಗಳು ವರದಿ ಬರೆದರು, ನಾವು ಮಾತ್ರ ಬರೆಯಲಿಲ್ಲ. ನಮಗೆ ಬರುವುದಿಲ್ಲ ಎಂದು ನಮಗೇ ಹೇಳಿಕೊಂಡಿದ್ದೇವೆ.

ಹೊಸ ನಾಟಕ ಆಡಿದರೆ ಜನ ಎದ್ದು ಹೋಗುತ್ತಾರೆ ಎಂಬ ಹೆದರಿಕೆಗೂ ಉತ್ತರ ಇದೆ. ನಮ್ಮ ಪ್ರೇಕ್ಷಕರು ರಾತ್ರಿಯಿಡೀ ಕೂರುವುದು ಹಾಡಿಗಾಗಿ. ಶ್ರುತಿ ತಪ್ಪಿದವನನ್ನು ಅವರು ಕ್ಷಮಿಸುವುದಿಲ್ಲ, ಒಳ್ಳೆಯ ಪದ್ಯಕ್ಕೆ ಒನ್ಸ್‌ಮೋರ್ ಕೇಳದೆ ಬಿಡುವುದಿಲ್ಲ. ಇಷ್ಟು ಬಲ್ಲ ಕಿವಿಗಳು ತಮ್ಮ ಮನೆಯ ಮಾತು ಒಳ್ಳೆಯ ರಾಗದಲ್ಲಿ ಬಂದರೆ ಎದ್ದು ಹೋಗುತ್ತವೆಯೇ? ಹಳ್ಳಿಯವರು ನಾಟಕ ಕಲಿಯುವಾಗ ‘ಹ’ಕಾರ ತಪ್ಪುವುದನ್ನು ತೋರಿಸಿ ಪಟ್ಟಣದ ಸಭಾಂಗಣಗಳಲ್ಲಿ ನಗಿಸುವ ನಾಟಕಗಳಿವೆ. ಪುಸ್ತಕದ ಮಾತು ಅವರ ಬಾಯಲ್ಲಿ ತೊಡರುತ್ತದೆ, ನಿಜ. ಅವರ ಮಾತನ್ನೇ ಅವರಿಗೆ ಹಾಡಲು ಕೊಟ್ಟಿದ್ದರೆ ತೊಡರುತ್ತಿತ್ತೇ? ಅಂಥ ನಾಟಕಕ್ಕೆ ನಗುವವರು ಯಾರ ಸೋಲಿಗೆ ನಗುತ್ತಿದ್ದಾರೆ?

ಮೊದಲ ನಾಟಕ ಚೆನ್ನಾಗಿ ಬರದಿರಬಹುದು. ಮೊದಲ ವರ್ಷ ತಾಲೀಮಿಗೆ ಬಂದ ಹುಡುಗನೂ ಚೆನ್ನಾಗಿ ಹಾಡುವುದಿಲ್ಲ, ಅವನನ್ನು ಯಾರೂ ಓಡಿಸುವುದಿಲ್ಲ. ಯಾರ ಹೆಸರು ಹಾಕಬೇಕು ಎಂಬ ಜಗಳ ಬರುತ್ತದೆ ಎನ್ನುತ್ತಾರೆ. ಕೂತವರೆಲ್ಲರ ಹೆಸರನ್ನೂ ಕರಪತ್ರದಲ್ಲಿ ಹಾಕಿ. ಪಾತ್ರಕ್ಕೆ ದುಡ್ಡು ಕಟ್ಟಿದವರ ಹೆಸರುಗಳನ್ನೆಲ್ಲ ಫೋಟೋ ಸಮೇತ ಹಾಕುವ ನಮಗೆ ಅದು ಕಷ್ಟವೇ?

ಶೆಟ್ಟಿಕೆರೆಯಲ್ಲೇ ಶುರುವಾಗಲಿ. ಮುಂದಿನ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರದ ತಾಲೀಮು ಎಂದಿನಂತೆ ನಡೆಯಲಿ. ವಾರದಲ್ಲಿ ಎರಡು ರಾತ್ರಿ ಅದೇ ಭವನ, ಅದೇ ಹಾರ್ಮೋನಿಯಂ, ಅದೇ ತಬಲ ಹೊಸ ನಾಟಕಕ್ಕೆ ಸಿಗಲಿ. ಮೇಷ್ಟ್ರಿಗೆ ಆ ರಾತ್ರಿಗಳ ಸಂಬಳವನ್ನು ಮೊದಲೇ ಎತ್ತಿಡಿ. ಕನ್ನಡ ಅಧ್ಯಾಪಕರು ಬರಲಿ, ಮೂಡಲಪಾಯ ಬಯಲಾಟ ಕಂಡ ಹಿರಿಯರು ಬರಲಿ, ಕಾಯಿ ಸುಲಿಯುವವರು, ಮಂಡಿಯಲ್ಲಿ ಲೆಕ್ಕ ಬರೆಯುವವರು, ಪಿಯುಸಿ ಓದುವ ಹುಡುಗಿಯರು ಬರಲಿ. ಕೂತವರಲ್ಲಿ ಅರ್ಧದಷ್ಟು ಹೆಂಗಸರಿಲ್ಲದಿದ್ದರೆ ಆ ರಾತ್ರಿ ಬರೆಯುವ ಕೆಲಸ ಬೇಡ. ಪ್ರತಿ ವಾರ ಕಟ್ಟಿದ ಹಾಡನ್ನು ಅರಳಿಕಟ್ಟೆಯ ಮೇಲೆ ಜನರೆದುರು ಹಾಡಿ, ಅವರು ಬೇಡವೆಂದ ಸಾಲನ್ನು ಹೊಡೆದುಹಾಕಿ. ಪೌರಾಣಿಕ ನಾಟಕಗಳಿಗೆ ನೆರವು ಕೊಡುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹೊಸ ಹಾಡಿನ ನಾಟಕ ಕಟ್ಟುವ ಕಮ್ಮಟಗಳಿಗೆ ಪ್ರತ್ಯೇಕ ಹಣ ಇಡಲಿ, ಪ್ರದರ್ಶನಕ್ಕೆ ಕೊಡುವುದಕ್ಕಿಂತ ಮೊದಲು ಬರೆಯುವ ತಿಂಗಳುಗಳಿಗೆ ಕೊಡಲಿ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ವರ್ಷಕ್ಕೊಂದು ವಾರ ಈ ಜಿಲ್ಲೆಯಲ್ಲಿ ಹುಟ್ಟಿದ ಹೊಸ ನಾಟಕಗಳಿಗೆ ಮೀಸಲಿರಲಿ. ರಂಗಶಾಲೆಗಳಿಂದ ಪದ ಬಲ್ಲವರು, ರಾಗ ಬಲ್ಲವರು ಜೋಡಿಯಾಗಿ ಹಳ್ಳಿಗೆ ಬಂದು ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ಇರಲಿ. ನಾಟಕ ಸಂಘಗಳ ಹಿರಿಯರನ್ನು ನಾನು ಕೇಳುವುದು ಇಷ್ಟು: ಈ ಸಲ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಲು ಹೋದಾಗ, ಹೊಸ ಪದಕ್ಕೆ ಮಟ್ಟು ಹಾಕಿಕೊಡುತ್ತೀರಾ ಎಂದು ಕೇಳಿ, ಹೂಂ ಎಂದವರಿಗೇ ವೀಳ್ಯ ಕೊಟ್ಟು ಬನ್ನಿ.